ಟೀಚರ್ ಕೆಲಸದ ಕೊನೇ ವರ್ಷಗಳು: 403ಬಿ, 457ಬಿಗೆ ಎಷ್ಟು ಹಾಕ್ಬಹುದು, ಯಾವಾಗ ಹಾಕ್ಬೇಕು

(ಅಮೆರಿಕದ ಪಬ್ಲಿಕ್ ಸ್ಕೂಲುಗಳಲ್ಲಿ ಪಾಠ ಮಾಡೋ ಕನ್ನಡದ ಟೀಚರ್‌ಗಳ ಮುಂದೆ ಮಾತಾಡಿದ್ದನ್ನ ಬರಹಕ್ಕೆ ಇಳಿಸಿದೀನಿ. ಮಾತಿನ ಧಾಟಿ ಹಾಗೇ ಇಟ್ಕೊಂಡಿದೀನಿ. ವರ್ಷ ಬೇರೆ ಹೇಳದೇ ಇದ್ದ ಕಡೆಯೆಲ್ಲ ಡಾಲರ್ ಲೆಕ್ಕ 2026ರದ್ದು.)

ಎಲ್ರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರ್ತೀನಿ. 403ಬಿ, 457ಬಿ ಅಂದ್ರೆ ಸಂಬಳದಿಂದ ಕಟ್ ಮಾಡಿ ರಿಟೈರ್‌ಮೆಂಟಿಗೆ ಅಂತ ದುಡ್ಡು ಕೂಡಿಡೋ ಎರಡು ಪ್ಲಾನ್, ನಿಮಗೆ ಸಂಬಳ ಕೊಡೋ ಸ್ಕೂಲ್ ಡಿಸ್ಟ್ರಿಕ್ಟ್ ಮೂಲಕ ಸಿಗೋದು. ಇಲ್ಲಿ ಕೂತಿರೋರಲ್ಲಿ ಸುಮಾರು ಜನಕ್ಕೆ ಐವತ್ತೈದು ದಾಟಿದೆ, ನಾನು ಹೇಳೋ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ವಯಸ್ಸೇ. ಯಾವ ವರ್ಷ ಎಷ್ಟು ಹಾಕ್ಬಹುದು ಅನ್ನೋದು ಆ ವರ್ಷ ಡಿಸೆಂಬರ್ 31ಕ್ಕೆ ನಿಮಗೆ ಎಷ್ಟು ವಯಸ್ಸಾಗಿರುತ್ತೆ ಅನ್ನೋದರ ಮೇಲೆ ನಿಂತಿದೆ, ಕೆಲವು ಅವಕಾಶ ಮೂರ್ನಾಲ್ಕು ವರ್ಷ ಇದ್ದು ಆಮೇಲೆ ಹೋಗಿಬಿಡುತ್ತೆ, ಹೋದ್ಮೇಲೆ ಎಷ್ಟು ಕೇಳ್ಕೊಂಡ್ರೂ ವಾಪಸ್ ಬರಲ್ಲ. ಅದಕ್ಕೇ ಇವತ್ತು ನನ್ನ ಒತ್ತಾಯ ಒಂದೇ, ರಿಟೈರ್ ಆಗೋ ತಾರೀಖು ಗೊತ್ತು ಮಾಡೋಕೆ ಮುಂಚೆ ಈ ಲೆಕ್ಕ ಹಾಕಿ, ಗೊತ್ತು ಮಾಡಿದ ಮೇಲೆ ಅಲ್ಲ.

ಮೊದ್ಲು ನಮ್ಮಂಥೋರಿಗೆ ಇದು ಯಾಕೆ ಇಷ್ಟು ಮುಖ್ಯ ಅಂತ ಹೇಳ್ತೀನಿ. ಇಪ್ಪತ್ತೆರಡಕ್ಕೇ ಕೆಲಸಕ್ಕೆ ಸೇರಿ ಮೂವತ್ತೈದು ವರ್ಷ ಒಂದೇ ಡಿಸ್ಟ್ರಿಕ್ಟ್‌ನಲ್ಲಿ ಇದ್ದ ಟೀಚರ್‌ಗೆ ಪೆನ್ಷನ್ ಚೆನ್ನಾಗೇ ಬರುತ್ತೆ. ನಮ್ಮಲ್ಲಿ ಎಷ್ಟೋ ಜನ ಹಾಗಲ್ಲ. ಗಂಡನ ಕೆಲಸಕ್ಕೆ ಅಂತ ಬಂದು, ವೀಸಾ ಕಾರಣಕ್ಕೆ ವರ್ಷಗಟ್ಟಲೆ ಮನೇಲಿದ್ದು, ಮಕ್ಕಳು ಸ್ಕೂಲಿಗೆ ಹೋದ್ಮೇಲೆ ಕ್ರೆಡೆನ್ಷಿಯಲ್ (ಟೀಚರ್ ಲೈಸೆನ್ಸ್) ಮಾಡ್ಕೊಂಡು ನಲವತ್ತೈದರ ಹತ್ರ ಮೊದಲ ಕ್ಲಾಸ್‌ರೂಮಿಗೆ ಕಾಲಿಟ್ಟೋರು ಇದಾರೆ, ಐಟಿ ಬಿಟ್ಟು ಮ್ಯಾತ್ಸ್ ಟೀಚರ್ ಆದೋರು ಇದಾರೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಸ್ಟರ್ಸ್ (ಅಲ್ಲಿನ ಟೀಚರ್ ಪೆನ್ಷನ್ ಸಂಸ್ಥೆ) ಲೆಕ್ಕ ನೋಡಿ, 2013ರಿಂದ ಈಚೆಗೆ ಸೇರಿದೋರು 62ಕ್ಕೆ ರಿಟೈರ್ ಆದ್ರೆ ಒಂದು ವರ್ಷದ ಸರ್ವಿಸ್‌ಗೆ 2 ಪರ್ಸೆಂಟ್, ಅಂದ್ರೆ ಹದಿನೈದು ವರ್ಷ ಪಾಠ ಮಾಡಿದ್ರೆ ಕೊನೇ ಸಂಬಳದ 30 ಪರ್ಸೆಂಟ್. ಮಿಕ್ಕಿದ್ದು ನಾವೇ ಕೂಡಿಟ್ಟಿರ್ಬೇಕು. ಲೇಟಾಗಿ ಶುರು ಮಾಡಿದೋರಿಗೆ ಕೊನೇ ಏಳೆಂಟು ವರ್ಷದ ದುಡ್ಡೇ ಆಧಾರ.

ಹಾಂ, ಪೆನ್ಷನ್‌ಗೆ ಅಂತ ಪ್ರತಿ ಪೇಚೆಕ್‌ನಲ್ಲೂ ಕಡ್ಡಾಯವಾಗಿ ಕಟ್ ಆಗುತ್ತಲ್ಲ, ಟೆಕ್ಸಸ್‌ನಲ್ಲಿ 8.25 ಪರ್ಸೆಂಟ್, ಕ್ಯಾಲಿಫೋರ್ನಿಯಾದಲ್ಲಿ ಹತ್ತಕ್ಕಿಂತ ಸ್ವಲ್ಪ ಜಾಸ್ತಿ, ಅದು ಇವತ್ತು ನಾನು ಹೇಳೋ ಲಿಮಿಟ್ ಒಳಗೆ ಬರಲ್ಲ. ಸುಮಾರು ಜನ "ಅಷ್ಟೊಂದು ಆಗ್ಲೇ ಹೋಗ್ತಿದೆಯಲ್ಲ, ಇನ್ನೆಷ್ಟು ಜಾಗ ಇರುತ್ತೆ" ಅಂತ ಅಂದ್ಕೊಂಡು 403ಬಿ ಕಡೆ ತಿರುಗಿಯೂ ನೋಡಿರಲ್ಲ. ಪೂರ್ತಿ ಜಾಗ ಇರುತ್ತೆ.

ಈಗ ನಂಬರ್‌ಗೆ ಬರೋಣ. 403ಬಿಗೆ ನಿಮ್ಮ ಸಂಬಳದಿಂದ ಹಾಕ್ಬಹುದಾದ ಮೂಲ ಲಿಮಿಟ್ 24,500 ಡಾಲರ್. 2025ರಲ್ಲಿ 23,500 ಇತ್ತು. ಐವತ್ತು ತುಂಬೋ ವರ್ಷದಿಂದ ಇದರ ಮೇಲೆ ಕ್ಯಾಚ್-ಅಪ್ ಅಂತ ಇನ್ನೂ 8,000 ಹಾಕ್ಬಹುದು, ಒಟ್ಟು 32,500. ಇಷ್ಟು ಎಲ್ರಿಗೂ ಗೊತ್ತು. 2022ರ ಡಿಸೆಂಬರ್‌ನಲ್ಲಿ ಸಹಿ ಆದ ಸೆಕ್ಯೂರ್ 2.0 ಕಾನೂನು ಇದಕ್ಕೆ ಇನ್ನೊಂದು ಮೆಟ್ಟಿಲು ಸೇರಿಸ್ತು, 2025ರಿಂದ ಜಾರಿಗೆ ಬಂತು: ವರ್ಷದ ಕೊನೆಗೆ ನಿಮಗೆ 60, 61, 62 ಅಥವಾ 63 ಆಗಿದ್ರೆ 8,000ದ ಬದಲು 11,250. ಅಂದ್ರೆ ಒಟ್ಟು 35,750. ಅರವತ್ನಾಲ್ಕು ತುಂಬೋ ವರ್ಷ ಮತ್ತೆ 8,000ಕ್ಕೆ ಇಳಿಯುತ್ತೆ. ನಿಮ್ಮ ಹುಟ್ಟುಹಬ್ಬ ಡಿಸೆಂಬರ್ 30 ಆದ್ರೂ ಸರಿ, ಆ ವರ್ಷ ಜನವರಿಯಿಂದಾನೇ ನೀವು ಅರವತ್ನಾಲ್ಕರ ಲೆಕ್ಕ. ಹಾಗಾಗಿ ಇದು ನಾಲ್ಕು ಕ್ಯಾಲೆಂಡರ್ ವರ್ಷದ ಸೌಲಭ್ಯ ಅಷ್ಟೇ, ಅದೂ ನಿಮ್ಮ ಡಿಸ್ಟ್ರಿಕ್ಟ್‌ನ ಪ್ಲಾನ್ ಅದಕ್ಕೆ ಅವಕಾಶ ಕೊಟ್ಟಿದ್ರೆ. ಕೊಟ್ಟಿದೆಯೋ ಇಲ್ವೋ ಅಂತ ಸ್ಟಾಫ್‌ರೂಮಲ್ಲಿ ಅಲ್ಲ, ಪ್ಲಾನ್ ನೋಡ್ಕೊಳ್ಳೋ ಅಡ್ಮಿನಿಸ್ಟ್ರೇಟರ್ ಹತ್ರ ಕೇಳಿ, ಇಮೇಲ್‌ನಲ್ಲಿ ಉತ್ತರ ತಗೊಳ್ಳಿ.

403ಬಿಗೇ ಸೇರಿದ ಇನ್ನೊಂದು ಹಳೇ ನಿಯಮ ಇದೆ, ಹದಿನೈದು ವರ್ಷದ ಸರ್ವಿಸ್ ಕ್ಯಾಚ್-ಅಪ್. ಒಂದೇ ಡಿಸ್ಟ್ರಿಕ್ಟ್‌ನಲ್ಲಿ ಹದಿನೈದು ವರ್ಷ ಆಗಿದ್ರೆ ವರ್ಷಕ್ಕೆ 3,000ದವರೆಗೆ ಹೆಚ್ಚಿಗೆ, ಜೀವಮಾನಕ್ಕೆ ಒಟ್ಟು 15,000. ಕೇಳೋಕೆ ಸುಲಭ, ಆದ್ರೆ ಒಳಗೊಂದು ಗುಣಾಕಾರ ಇದೆ: ಸರ್ವಿಸ್ ವರ್ಷ ಇಂಟು 5,000, ಅದರಿಂದ ಇಷ್ಟು ವರ್ಷ ನೀವು ಹಾಕಿದ ಒಟ್ಟು ದುಡ್ಡು ಕಳೀಬೇಕು, ಏನಾದ್ರೂ ಉಳಿದ್ರೆ ಮಾತ್ರ ಅವಕಾಶ. ಇಪ್ಪತ್ತು ವರ್ಷ ಆಗಿದ್ರೆ ಒಂದು ಲಕ್ಷ ಡಾಲರ್, ಅದರಲ್ಲಿ 70,000 ಹಾಕಿದೀರಿ ಅಂದ್ರೆ 30,000 ಉಳೀತು, ಹಾಗಾಗಿ 3,000 ಸಿಗುತ್ತೆ. ಸರಾಸರಿ ವರ್ಷಕ್ಕೆ ಐದು ಸಾವಿರಕ್ಕಿಂತ ಜಾಸ್ತಿ ಹಾಕ್ಕೊಂಡು ಬಂದಿರೋರಿಗೆ ಏನೂ ಸಿಗಲ್ಲ. ಡಿಸ್ಟ್ರಿಕ್ಟ್ ಬದಲಾಯಿಸಿದ್ರೆ ವರ್ಷದ ಎಣಿಕೆ ಮತ್ತೆ ಮೊದಲಿಂದ. ಎರಡೂ ಕ್ಯಾಚ್-ಅಪ್‌ಗೆ ಅರ್ಹರಾದ್ರೆ ಹೆಚ್ಚಿಗೆ ಹಾಕಿದ ದುಡ್ಡಲ್ಲಿ ಮೊದಲ 3,000 ಈ ಹದಿನೈದು ವರ್ಷದ ಖಾತೆಗೇ ಬರ್ಕೊಳ್ಳುತ್ತೆ, ಆಮೇಲೆ ವಯಸ್ಸಿನದಕ್ಕೆ. ಎಲ್ಲಾ ಪ್ಲಾನ್‌ನಲ್ಲೂ ಇದು ಇಲ್ಲ, ಲೆಕ್ಕ ಇಡೋದು ಕಷ್ಟ ಅಂತ ಕೈಬಿಟ್ಟಿರೋರೂ ಇದಾರೆ.

ಇನ್ನು 457ಬಿ. ನನ್ನ ಪ್ರಕಾರ ಟೀಚರ್‌ಗಳಿಗೆ ಸಿಗೋ ಅತೀ ಒಳ್ಳೇ ಸೌಲಭ್ಯ ಇದೇ, ಆದ್ರೂ ಇದರ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ. ಸುಮಾರು ಡಿಸ್ಟ್ರಿಕ್ಟ್‌ಗಳಲ್ಲಿ 403ಬಿ ಜೊತೆಗೆ ಇದೂ ಇರುತ್ತೆ, ಇದರ ಲಿಮಿಟ್ ಪೂರ್ತಿ ಬೇರೆ. ಅಲ್ಲಿ 24,500 ತುಂಬಿಸಿ ಇಲ್ಲೂ 24,500 ತುಂಬಿಸ್ಬಹುದು. ಮೊದ್ಲು ಹಾಗಿರಲಿಲ್ಲ, 2001ರ ತೆರಿಗೆ ಕಾನೂನು ಬಂದು 2002ರಿಂದ ಎರಡನ್ನೂ ಬೇರೆ ಮಾಡಿದ್ರು. ಅದಕ್ಕೇ ತುಂಬಾ ಹಿಂದೆ ರಿಟೈರ್ ಆದ ಸಹೋದ್ಯೋಗಿಗಳು ಇವತ್ತಿಗೂ "ಎರಡೂ ಸೇರಿ ಒಂದೇ ಲಿಮಿಟ್ ಕಣ್ರೀ" ಅಂತಾರೆ, ಅವರ ಕಾಲಕ್ಕೆ ಅದು ನಿಜ, ಈಗ ಅಲ್ಲ.

457ಬಿಯಲ್ಲೂ ಐವತ್ತರ ಕ್ಯಾಚ್-ಅಪ್ ಇದೆ, ಅರವತ್ತರಿಂದ ಅರವತ್ಮೂರರದ್ದೂ ಇರ್ಬಹುದು. ಅದರ ಮೇಲೆ ಇದಕ್ಕೇ ಅಂತ ಇನ್ನೊಂದು ವಿಶೇಷ ಕ್ಯಾಚ್-ಅಪ್ ಇದೆ, ಮೂರು ವರ್ಷದ್ದು. ಲಿಮಿಟ್‌ನ ಎರಡರಷ್ಟು, ಅಂದ್ರೆ 49,000ದವರೆಗೆ ಹಾಕ್ಬಹುದು. ಇಲ್ಲಿ ಎರಡು ಮಾತು ಚೆನ್ನಾಗಿ ಕೇಳಿಸ್ಕೊಳ್ಳಿ.

ಒಂದು, ಈ ಮೂರು ವರ್ಷ ಅಂದ್ರೆ ನೀವು ಕೆಲಸ ಬಿಡೋ ಮುಂಚಿನ ಮೂರು ವರ್ಷ ಅಲ್ಲ. ಪ್ಲಾನ್‌ನಲ್ಲಿ "ನಾರ್ಮಲ್ ರಿಟೈರ್‌ಮೆಂಟ್ ಏಜ್" ಅಂತ ಬರೆದಿರುತ್ತೆ, ಕೆಲವು ಪ್ಲಾನ್‌ನಲ್ಲಿ ಒಂದು ಮಿತಿಯೊಳಗೆ ನೀವೇ ಆರಿಸ್ಕೋಬಹುದು, ಆ ವಯಸ್ಸು ತುಂಬೋ ವರ್ಷಕ್ಕೆ ಮುಂಚಿನ ಮೂರು ಕ್ಯಾಲೆಂಡರ್ ವರ್ಷ. ಅದು 65 ಅಂತಿದ್ರೆ ನಿಮಗೆ 62, 63, 64 ತುಂಬೋ ವರ್ಷಗಳು. 65 ತುಂಬೋ ವರ್ಷ ಇಲ್ಲ. "ನಾನು ಅರವತ್ತೇಳಕ್ಕೆ ಬಿಡ್ತೀನಿ, ಅರವತ್ತೈದು ತುಂಬಿದ ಮೇಲೆ ಡಬಲ್ ಹಾಕ್ತೀನಿ" ಅಂತ ಕಾಯ್ತಾ ಕೂತ್ರೆ ಪೂರ್ತಿ ಕೈ ತಪ್ಪಿ ಹೋಗುತ್ತೆ. ಹಾಗೇ ಆ ವಯಸ್ಸಿಗೆ ನಿಜವಾಗಿಯೂ ರಿಟೈರ್ ಆಗ್ಲೇಬೇಕು ಅಂತ ಏನಿಲ್ಲ, ಮುಂದುವರೀಬಹುದು. ಆದ್ರೆ ಒಂದು ಸಲ ವಯಸ್ಸು ಆರಿಸಿ ಇದನ್ನ ಬಳಸಿದ್ರೆ ಅದೇ ಪ್ಲಾನ್‌ನಲ್ಲಿ ಇನ್ನೊಂದು ಸಲ ಸಿಗಲ್ಲ.

ಎರಡು, ಡಬಲ್ ಸಿಗೋದು ಹಿಂದಿನ ವರ್ಷಗಳಲ್ಲಿ ಬಳಸದೇ ಬಿಟ್ಟ ಲಿಮಿಟ್ ಇದ್ದಷ್ಟು ಮಾತ್ರ. ನಮ್ಮಲ್ಲಿ ಬಹಳ ಜನಕ್ಕೆ ಇದು ತೊಂದರೆ ಅಲ್ಲ, ಅನುಕೂಲ. ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ 457ಬಿ ಇತ್ತು, ನೀವು ಸೇರ್ಬಹುದಿತ್ತು, ಸೇರಲಿಲ್ಲ, ಅಂಥ ಪ್ರತಿ ವರ್ಷದ ಪೂರ್ತಿ ಲಿಮಿಟ್ ಬಳಸದ್ದು ಅಂತಲೇ ಲೆಕ್ಕ. ಹತ್ತು ವರ್ಷ ಆ ಪ್ಲಾನ್ ಮುಟ್ಟದೇ ಇದ್ದೋರಿಗೆ ಮೂರು ವರ್ಷ ಡಬಲ್ ಹಾಕೋಕೆ ಬೇಕಾದ್ದಕ್ಕಿಂತ ಜಾಸ್ತಿನೇ ಜಾಗ ಇರುತ್ತೆ. ಹಳೇ ವರ್ಷಗಳ ಲೆಕ್ಕ ಪ್ಲಾನ್‌ನೋರು ಕೇಳ್ತಾರೆ, ಹಾಗಾಗಿ ಹಳೇ ಡಬ್ಲ್ಯೂ-2ಗಳನ್ನ (ವರ್ಷದ ಸಂಬಳ, ಟ್ಯಾಕ್ಸ್ ಲೆಕ್ಕ ಇರೋ ಫಾರ್ಮ್) ಎಸೀಬೇಡಿ. ಇದನ್ನ ಬಳಸೋ ವರ್ಷ 457ಬಿಯಲ್ಲಿ ವಯಸ್ಸಿನ ಕ್ಯಾಚ್-ಅಪ್ ಸೇರಿಸೋಕೆ ಬರಲ್ಲ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. 403ಬಿಯಲ್ಲಿ ಮಾತ್ರ ವಯಸ್ಸಿನದು ಹಾಗೇ ಇರುತ್ತೆ.

ಎಲ್ಲಾ ಕೂಡಿಸಿ ನೋಡಿ. ಅರವತ್ತೆರಡರ ಟೀಚರ್, ಎಲ್ಲಕ್ಕೂ ಅರ್ಹರು ಅಂತಿಟ್ಕೊಳ್ಳಿ: 403ಬಿಯಲ್ಲಿ 24,500, ಅದಕ್ಕೆ 3,000, ಅದಕ್ಕೆ 11,250, ಆಯ್ತು 38,750. 457ಬಿಯಲ್ಲಿ 49,000. ಒಟ್ಟು 87,750. ಎಷ್ಟೋ ಟೀಚರ್‌ಗಳ ವರ್ಷದ ಸಂಬಳಕ್ಕಿಂತ ಜಾಸ್ತಿ! ಯಾರೂ ಅಷ್ಟು ಹಾಕ್ಲೇಬೇಕು ಅಂತಲ್ಲ, ಆದ್ರೆ "ಲಿಮಿಟ್ ತುಂಬೋಯ್ತು, ಇನ್ನು ಜಾಗ ಇಲ್ಲ" ಅನ್ನೋ ಮಾತು ನಮ್ಮ ವಯಸ್ಸಲ್ಲಿ ಹೆಚ್ಚಾಗಿ ನಿಜ ಅಲ್ಲ ಅನ್ನೋದು ಗೊತ್ತಿರ್ಲಿ.

"ಸಂಬಳ ಪೂರ್ತಿ ಅಲ್ಲಿ ಹಾಕಿದ್ರೆ ಊಟಕ್ಕೇನು" ಅಂತ ಮುಂದಿನ ಸಾಲಲ್ಲಿ ಒಬ್ರು ಕೇಳಿದ್ರು. ನ್ಯಾಯವಾದ ಪ್ರಶ್ನೆ. ಮನೇಲಿ ಇನ್ನೊಂದು ಸಂಬಳ ಇದ್ರೆ, ಅಥವಾ ಬ್ಯಾಂಕ್ ಸೇವಿಂಗ್ಸ್‌ನಲ್ಲಿ ಸುಮ್ನೆ ಬಿದ್ದಿರೋ ದುಡ್ಡಿದ್ರೆ ಎರಡು ವರ್ಷ ಅದರಲ್ಲಿ ಜೀವನ ಮಾಡಿ, ಸಂಬಳವನ್ನ ಪ್ಲಾನ್‌ಗೆ ತಿರುಗಿಸಿ. ಬ್ಯಾಂಕಿನ ದುಡ್ಡನ್ನ ನೇರವಾಗಿ 403ಬಿಗೆ ಹಾಕೋಕೆ ಬರಲ್ಲ, ಸಂಬಳದಿಂದಾನೇ ಹೋಗ್ಬೇಕು, ಆದ್ರೆ ಹೀಗೆ ಮಾಡಿದ್ರೆ ಹೆಚ್ಚು ಕಡಿಮೆ ಅದೇ ಆಯ್ತು. ಎಮರ್ಜೆನ್ಸಿಗೆ ಅಂತ ಇಟ್ಟಿದ್ದನ್ನ ಮಾತ್ರ ಮುಟ್ಬೇಡಿ. ಎರಡನೇ ಸಂಬಳವೂ ಇಲ್ಲ, ಸೇವಿಂಗ್ಸೂ ಇಲ್ಲ ಅನ್ನೋರು ತಿಂಗಳಿಗೆ ಇನ್ನೂರು ಡಾಲರ್ ಜಾಸ್ತಿ ಮಾಡಿದ್ರೂ ಅದು ದೊಡ್ಡದೇ, ಈ ದೊಡ್ಡ ನಂಬರ್ ನೋಡಿ ಬೇಜಾರು ಮಾಡ್ಕೋಬೇಡಿ.

ಈಗ ನಾನು ಅತೀ ಹೆಚ್ಚು ಹೊತ್ತು ಕೊಡ್ಬೇಕು ಅಂತಿರೋ ಜಾಗ, ಜೂನ್. ಸ್ಕೂಲ್ ವರ್ಷ ಆಗಸ್ಟ್‌ನಿಂದ ಜೂನ್, ಲಿಮಿಟ್ ವರ್ಷ ಜನವರಿಯಿಂದ ಡಿಸೆಂಬರ್. ಜೂನ್‌ನಲ್ಲಿ ರಿಟೈರ್ ಆಗೋರಿಗೆ ಆ ವರ್ಷದ ಲಿಮಿಟ್ ಅರ್ಧ ಆಗಲ್ಲ, ಪೂರ್ತಿ ಇರುತ್ತೆ, ಅರ್ಧ ಆಗೋದು ಪೇಚೆಕ್ ಮಾತ್ರ. 61 ವಯಸ್ಸು, ವರ್ಷದ ಸಂಬಳ 90,000 ಅಂತಿಟ್ಕೊಳ್ಳಿ. 35,750ನ್ನ ಹನ್ನೆರಡು ತಿಂಗಳಿಗೆ ಹಂಚಿ ತಿಂಗಳಿಗೆ 2,979 ಅಂತ ಫಾರ್ಮ್‌ನಲ್ಲಿ ಬರೆದಿದಾರೆ, ಜೂನ್‌ಗೆ ಬಿಟ್ರು. ಹೋಗಿದ್ದು ಹದಿನೇಳು ಸಾವಿರ ಚಿಲ್ಲರೆ, ಇನ್ನರ್ಧ ಲಿಮಿಟ್ ಹಾಗೇ ಉಳೀತು. ಅದೇ ಜನವರಿ ಪೇಚೆಕ್‌ನಿಂದಾನೇ ತಿಂಗಳಿಗೆ 5,958 ಅಂತ ಬರೆದಿದ್ರೆ ಆರೇ ತಿಂಗಳಲ್ಲಿ ಪೂರ್ತಿ ಹೋಗ್ತಿತ್ತು. ಆರು ತಿಂಗಳ ಸಂಬಳ 45,000, ಪೆನ್ಷನ್‌ಗೆ ಹತ್ತಿರ ಹತ್ತಿರ 4,500, ಮೆಡಿಕೇರ್ ಟ್ಯಾಕ್ಸ್ ಆರುನೂರೈವತ್ತು, ಇನ್ಶೂರೆನ್ಸ್ ಕಟ್ ಆಗಿಯೂ ಇದಕ್ಕೆ ಜಾಗ ಇರುತ್ತೆ. ಕೈಗೆ ಬರೋದು ತುಂಬಾ ಕಡಿಮೆ, ಅದಕ್ಕೇ ಮೊದಲೇ ಪ್ಲಾನ್ ಮಾಡ್ಕೋಬೇಕು ಅಂತ ಹೇಳ್ತಿರೋದು. ಸ್ಯಾಲರಿ ರಿಡಕ್ಷನ್ ಅಗ್ರಿಮೆಂಟ್ ಅನ್ನೋ ಆ ಒಂದು ಪುಟದ ಫಾರ್ಮ್ ಜನವರಿ ಪೇರೋಲ್‌ಗೆ ಸಿಗ್ಬೇಕು ಅಂದ್ರೆ ಸುಮಾರು ಕಡೆ ಡಿಸೆಂಬರ್‌ನಲ್ಲೇ ಕೊಟ್ಟಿರ್ಬೇಕಾಗುತ್ತೆ, ಅದೂ ರಜೆ ಶುರುವಾಗೋ ಮುಂಚೆ.

ಬೇಸಿಗೆ ತಿಂಗಳ ಸಂಬಳವನ್ನ ಹಂಚಿಸ್ಕೊಳ್ಳೋರಿಗೆ ಕೆಲಸ ಬಿಟ್ಟ ಮೇಲೂ ಜುಲೈ, ಆಗಸ್ಟ್ ಚೆಕ್ ಬರುತ್ತೆ, ಕೆಲಸ ಬಿಟ್ಟು ಎರಡೂವರೆ ತಿಂಗಳೊಳಗೆ ಬರೋ ಅಂಥ ಸಂಬಳದಿಂದಲೂ ಪ್ಲಾನ್ ಒಪ್ಪಿದ್ರೆ ಹಾಕ್ಬಹುದು. ಉಳಿಸ್ಕೊಂಡ ಸಿಕ್ ಲೀವ್‌ಗೆ ದುಡ್ಡು ಕೊಡೋ ಡಿಸ್ಟ್ರಿಕ್ಟ್ ಆದ್ರೆ ಅದನ್ನೂ ಹೀಗೇ ತಿರುಗಿಸ್ಬಹುದು. ಕೆಲವು ಡಿಸ್ಟ್ರಿಕ್ಟ್‌ನಲ್ಲಿ ಯೂನಿಯನ್ ಕಾಂಟ್ರಾಕ್ಟ್ ಪ್ರಕಾರ ಸಿಕ್ ಲೀವ್ ದುಡ್ಡು ಕೈಗೆ ಕೊಡೋದೇ ಇಲ್ಲ, ಎಂಪ್ಲಾಯರ್ ಕಡೆಯಿಂದ ನೇರ 403ಬಿಗೆ ಹಾಕ್ತಾರೆ, ಅದು ನಿಮ್ಮ 24,500ರಲ್ಲಿ ಸೇರಲ್ಲ, ನೀವೂ ಎಂಪ್ಲಾಯರೂ ಹಾಕಿದ್ದು ಸೇರಿ 72,000 ಅನ್ನೋ ಇನ್ನೊಂದು ದೊಡ್ಡ ಲಿಮಿಟ್‌ನಲ್ಲಿ ಸೇರುತ್ತೆ. ನಿಮ್ಮಲ್ಲಿ ಯಾವ ತರ ಅಂತ ತಿಳ್ಕೊಂಡೇ ಫಾರ್ಮ್ ತುಂಬಿ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳ್ಬೇಕು, ಜೂನ್‌ನಲ್ಲಿ ಬಿಡೋ ವರ್ಷ ಒಂಟಿ ಸಂಬಳದ ಮನೆ ಆದ್ರೆ ನಿಮ್ಮ ಆದಾಯ ತಾನಾಗೇ ಕಡಿಮೆ ಇರುತ್ತೆ, ಟ್ಯಾಕ್ಸ್ ರೇಟೂ ಕಡಿಮೆ, ಆಗ ಪ್ರೀಟ್ಯಾಕ್ಸ್ (ಟ್ಯಾಕ್ಸ್ ಕಟ್ಟೋ ಮುಂಚೆನೇ) ಹಾಕಿ ಉಳಿಸೋ ಟ್ಯಾಕ್ಸ್ ಅಷ್ಟೇನೂ ದೊಡ್ಡದಲ್ಲ, ರಾಥ್ (ಈಗಲೇ ಟ್ಯಾಕ್ಸ್ ಕಟ್ಟಿ ಹಾಕಿ, ರಿಟೈರ್ ಆದ್ಮೇಲೆ ಟ್ಯಾಕ್ಸ್ ಇಲ್ಲದೇ ತೆಗೆಯೋದು) ಇದ್ರೆ ಅದನ್ನ ಯೋಚಿಸಿ. ಅದಕ್ಕಿಂತ ಮುಂಚಿನ ಎರಡು ಪೂರ್ತಿ ವರ್ಷಗಳಲ್ಲಿ ಪ್ರೀಟ್ಯಾಕ್ಸ್ ಜಾಸ್ತಿ ಹಾಕೋದು ವಾಸಿ. ಇನ್ನೊಂದು ಸಂಬಳ ಐಟಿದು ಅಂದ್ರೆ ಲೆಕ್ಕ ಬೇರೆ, ಮನೆಯ ಒಟ್ಟು ಆದಾಯ ಮೇಲೇ ಇರುತ್ತೆ, ಪ್ರೀಟ್ಯಾಕ್ಸ್ ಕೊನೇ ಚೆಕ್‌ವರೆಗೂ ಉಪಯೋಗಕ್ಕೆ ಬರುತ್ತೆ.

ರಾಥ್ ಮಾತು ಬಂತಲ್ಲ, 2026ರಿಂದ ಹೊಸ ನಿಯಮ ಇದೆ, ಹಿಂದಿನ ವರ್ಷ ಅದೇ ಎಂಪ್ಲಾಯರ್ ಹತ್ರ ಸೋಶಿಯಲ್ ಸೆಕ್ಯೂರಿಟಿ (ಫೆಡರಲ್ ಸರ್ಕಾರದ ಪೆನ್ಷನ್) ಕಟ್ ಆಗೋ ಸಂಬಳ 1,50,000 ಡಾಲರ್ ದಾಟಿದ್ರೆ ವಯಸ್ಸಿನ ಕ್ಯಾಚ್-ಅಪ್ ಪೂರ್ತಿ ರಾಥ್ ಆಗೇ ಹಾಕ್ಬೇಕು. ಡಬ್ಲ್ಯೂ-2ನಲ್ಲಿ ಮೂರನೇ ಬಾಕ್ಸ್ ನೋಡಿ. ಟೀಚರ್‌ಗಳಲ್ಲಿ ಇಷ್ಟು ಸಂಬಳ ಕಮ್ಮಿ ಜನಕ್ಕೆ, ಪ್ರಿನ್ಸಿಪಾಲ್ ಆಗಿರೋರು ನೋಡ್ಕೊಳ್ಳಿ. ಕ್ಯಾಲಿಫೋರ್ನಿಯಾ ತರ ಟೀಚರ್‌ಗಳು ಸೋಶಿಯಲ್ ಸೆಕ್ಯೂರಿಟಿಗೆ ಕಟ್ಟದೇ ಇರೋ ಕಡೆ ಆ ಬಾಕ್ಸ್ ಖಾಲಿ, ಹಾಗಾಗಿ ಈ ನಿಯಮ ತಟ್ಟಲ್ಲ. 457ಬಿಯ ಮೂರು ವರ್ಷದ ಡಬಲ್‌ಗೂ, 403ಬಿಯ ಹದಿನೈದು ವರ್ಷದ್ದಕ್ಕೂ ತಟ್ಟಲ್ಲ.

ಸೋಶಿಯಲ್ ಸೆಕ್ಯೂರಿಟಿಯದ್ದೇ ಇನ್ನೊಂದು ಸಂತೋಷದ ವಿಷಯ. ಐಟಿಯಲ್ಲಿ ಹತ್ತು ವರ್ಷ ಕಟ್ಟಿ ಆಮೇಲೆ ಟೀಚರ್ ಆದೋರಿಗೆ, ಟೀಚರ್ ಪೆನ್ಷನ್ ಬರುತ್ತೆ ಅನ್ನೋ ಕಾರಣಕ್ಕೆ ಸೋಶಿಯಲ್ ಸೆಕ್ಯೂರಿಟಿ ಕಡಿತ ಮಾಡ್ತಿದ್ರು, ಗಂಡ ಅಥವಾ ಹೆಂಡತಿ ಕಡೆಯಿಂದ ಬರೋದನ್ನೂ ಕಡಿತ ಮಾಡ್ತಿದ್ರು. 2025ರ ಜನವರಿ 5ರಂದು ಸಹಿ ಆದ ಸೋಶಿಯಲ್ ಸೆಕ್ಯೂರಿಟಿ ಫೇರ್‌ನೆಸ್ ಆಕ್ಟ್ ಆ ಎರಡೂ ಕಡಿತ ತೆಗೆದುಹಾಕ್ತು. ಹಳೇ ಕಡಿತ ಸೇರಿಸಿ ಲೆಕ್ಕ ಹಾಕಿಟ್ಟೋರು ಇನ್ನೊಂದು ಸಲ ಹಾಕಿ, ಎಷ್ಟು ಕೂಡಿಡ್ಬೇಕು ಅನ್ನೋ ನಂಬರೇ ಬದಲಾಗುತ್ತೆ.

ಎಷ್ಟು ಹಾಕ್ತೀವಿ ಅನ್ನೋದಷ್ಟೇ ಎಲ್ಲಿ ಹಾಕ್ತೀವಿ ಅನ್ನೋದೂ ಮುಖ್ಯ, ಇದು ಹೇಳುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಟೀಚರ್‌ಗಳ 403ಬಿ ದುಡ್ಡು ಎಷ್ಟೋ ಕಡೆ ಇನ್ಶೂರೆನ್ಸ್ ಕಂಪನಿಗಳ ದುಬಾರಿ ಆನ್ಯುಟಿಯಲ್ಲಿ ಕೂತಿದೆ, ಲಂಚ್ ರೂಮಿಗೆ ಪಿಜ್ಜಾ ತಂದ ಏಜೆಂಟ್ ಹತ್ರ ಸಹಿ ಹಾಕಿದ್ದು. ವರ್ಷಕ್ಕೆ ಒಂದು ಪರ್ಸೆಂಟ್ ಖರ್ಚು ಅಂದ್ರೆ ಎರಡು ಲಕ್ಷ ಡಾಲರ್ ಮೇಲೆ ಎರಡು ಸಾವಿರ, 0.1 ಪರ್ಸೆಂಟಿನ ಇಂಡೆಕ್ಸ್ ಫಂಡ್‌ನಲ್ಲಿ ಇನ್ನೂರು. ಹೊರಗೆ ಬರ್ತೀನಿ ಅಂದ್ರೆ ಸರೆಂಡರ್ ಚಾರ್ಜ್ ಬೇರೆ, ಹೊಸ ಆನ್ಯುಟಿ ಆದ್ರೆ ಅದು ಹಲವು ವರ್ಷ ಇರುತ್ತೆ. ಅರವತ್ತೊಂದಕ್ಕೆ ಹೊಸದೊಂದಕ್ಕೆ ಸೇರಿ ಅರವತ್ನಾಲ್ಕಕ್ಕೆ ದುಡ್ಡು ಬೇಕು ಅಂದ್ರೆ ಏನಾಗುತ್ತೆ ಯೋಚಿಸಿ. ಡಿಸ್ಟ್ರಿಕ್ಟ್ ವೆಂಡರ್ ಲಿಸ್ಟ್ ಪೂರ್ತಿ ತರಿಸಿ ನೋಡಿ, ಕಮ್ಮಿ ಖರ್ಚಿನದು ಒಂದಾದ್ರೂ ಇರುತ್ತಾ ಹುಡುಕಿ, ಕ್ಯಾಲಿಫೋರ್ನಿಯಾದಲ್ಲಿರೋರಿಗೆ 403ಬಿ ಕಂಪೇರ್ ಅನ್ನೋ ಕ್ಯಾಲ್‌ಸ್ಟರ್ಸ್ ಸೈಟ್‌ನಲ್ಲಿ ಒಂದೊಂದರ ಖರ್ಚೂ ಸಿಗುತ್ತೆ. 403ಬಿ ಲಿಸ್ಟ್ ಕೆಟ್ಟದಾಗಿದ್ದು 457ಬಿ ಚೆನ್ನಾಗಿದ್ರೆ ಮೊದ್ಲು ಅದನ್ನೇ ತುಂಬಿಸಿ.

ಕೊನೇಲಿ ಬಂದ ಪ್ರಶ್ನೆಗಳಲ್ಲಿ ಎರಡು ಎಲ್ರಿಗೂ ಬೇಕಾದ್ದು.

ಒಬ್ರು ಸಂಜೆ ಹೊತ್ತು ಕಮ್ಯುನಿಟಿ ಕಾಲೇಜಲ್ಲೂ ಪಾಠ ಮಾಡ್ತಾರೆ, ಅಲ್ಲೂ 403ಬಿ ಇದೆ, ಅಲ್ಲಿ ಇನ್ನೊಂದು ಸಲ 24,500 ಹಾಕ್ಬಹುದಾ ಅಂತ ಕೇಳಿದ್ರು. ಇಲ್ಲ. 403ಬಿ, 401ಕೆ (ಖಾಸಗಿ ಕಂಪನಿಗಳಲ್ಲಿರೋ ಇಂಥದ್ದೇ ಪ್ಲಾನ್) ಎಷ್ಟೇ ಕಡೆ ಇದ್ರೂ ಮೂಲ ಲಿಮಿಟ್ ಮತ್ತೆ ವಯಸ್ಸಿನ ಕ್ಯಾಚ್-ಅಪ್ ಮನುಷ್ಯನಿಗೆ ಒಂದೇ. ಒಂದು ಪೇರೋಲ್‌ಗೆ ಇನ್ನೊಂದರ ಸುದ್ದಿ ಗೊತ್ತಿರಲ್ಲ, ನೀವೇ ಕೂಡಿಸಿ ನೋಡ್ಕೋಬೇಕು. ಜಾಸ್ತಿ ಆಗಿದ್ರೆ ಮುಂದಿನ ವರ್ಷ ಏಪ್ರಿಲ್ 15ರೊಳಗೆ ವಾಪಸ್ ತೆಗೆಸಿ, ಇಲ್ಲಾಂದ್ರೆ ಅದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್ ಬೀಳುತ್ತೆ. 457ಬಿಗೆ ಹಾಕಿದ್ದನ್ನ ಇದರ ಜೊತೆ ಕೂಡಿಸ್ಬೇಕಿಲ್ಲ, ಆದ್ರೆ ಎರಡು ಕಡೆ 457ಬಿ ಇದ್ರೆ ಅವೆರಡಕ್ಕೂ ಸೇರಿ ಲಿಮಿಟ್ ಒಂದೇ.

ಇನ್ನೊಬ್ರಿಗೆ ಐವತ್ತಾರು, ಮುಂದಿನ ವರ್ಷ ಬಿಡ್ಬೇಕು ಅಂತಿದಾರೆ, ದುಡ್ಡು ತೆಗೆಯೋಕೆ ಪೆನಾಲ್ಟಿ ಬೀಳುತ್ತಾ ಅಂತ ಕೇಳಿದ್ರು. 457ಬಿಗೆ ನೀವು ಹಾಕಿದ ದುಡ್ಡಿಗೆ ಕೆಲಸ ಬಿಟ್ಟ ಮೇಲೆ ಯಾವ ವಯಸ್ಸಲ್ಲಾದ್ರೂ ಬೇಗ ತೆಗೆದ್ರೆ ಬೀಳೋ 10 ಪರ್ಸೆಂಟ್ ಪೆನಾಲ್ಟಿ ಇಲ್ಲ, ಮಾಮೂಲಿ ಟ್ಯಾಕ್ಸ್ ಅಷ್ಟೇ. 403ಬಿಯಲ್ಲಿ 59½ಕ್ಕೆ ಮುಂಚೆ ಪೆನಾಲ್ಟಿ ಇದೆ, ಆದ್ರೆ ಐವತ್ತೈದು ತುಂಬೋ ವರ್ಷ ಅಥವಾ ಆಮೇಲೆ ಕೆಲಸ ಬಿಟ್ಟಿದ್ರೆ ಆ ಎಂಪ್ಲಾಯರ್‌ನ ಪ್ಲಾನ್‌ನಿಂದ ತೆಗೆಯೋಕೆ ಇಲ್ಲ. ಇವೆರಡು ಅನುಕೂಲವೂ ದುಡ್ಡು ಆ ಪ್ಲಾನ್‌ನಲ್ಲೇ ಇದ್ರೆ ಮಾತ್ರ. ಕೆಲಸ ಬಿಟ್ಟ ವಾರಕ್ಕೇ "ಎಲ್ಲಾ ಸೇರಿಸಿ ಐಆರ್‌ಎಗೆ ರೋಲ್‌ಓವರ್ ಮಾಡ್ಬಿಡೋಣ ಮೇಡಂ" ಅಂತ ಫೋನ್ ಬರುತ್ತೆ, ಅಂದ್ರೆ ಪ್ಲಾನ್ ದುಡ್ಡನ್ನೆಲ್ಲ ನಿಮ್ಮ ಸ್ವಂತ ರಿಟೈರ್‌ಮೆಂಟ್ ಖಾತೆಗೆ ವರ್ಗಾಯಿಸೋದು. 59½ ಆಗಿಲ್ಲ, ದುಡ್ಡು ಸದ್ಯಕ್ಕೇ ಬೇಕಾಗುತ್ತೆ ಅನ್ನೋ ಹಾಗಿದ್ರೆ ಬೇಡ ಅನ್ನಿ. 457ಬಿಯನ್ನಂತೂ ಅಲ್ಲೇ ಬಿಡಿ, ಬೇಕಾದಷ್ಟೇ ಅಲ್ಲಿಂದ ತೆಗೀತಾ ಹೋಗಿ.